ಸಭಾಕಂಪ

ಮನೆಯ ಜಗುಲಿಯ ಮೇಲೆ ಗಂಟೆಗಟ್ಟಲೆ ಮಾತನಾಡುವ ಗೃಹಸ್ಥರು, ಸಭೆಯಲ್ಲಿ ಎದ್ದು ನಾಲ್ಕು ಮಾತು ಹೇಳಿರೆಂದೊಡನೆ ಬಾಯೊಣಗಿ ಬೆವರುವುದುಂಟು. ನಾಲಗೆಯೂ ಅದೇ, ತಿಳಿವೂ ಅದೇ, ಹಾಗಾದರೆ ಅಂಜಿದವನಾರು? ಸಭಾಕಂಪವು ದೇಹದ ದೌರ್ಬಲ್ಯ ಮಾತ್ರವೇ, ಅಥವಾ ‘ನಾನು’ ಎಂಬುದರ ಇನ್ನೊಂದು ವೇಷವೇ ಎಂಬುದು ವಿಚಾರಾರ್ಹ.

ಮಹಾತ್ಮಾ ಗಾಂಧಿಯವರ ಜೀವನವನ್ನೇ ನೋಡಬಹುದು. 1891ರಲ್ಲಿ ಲಂಡನ್ನಿನಿಂದ ಹೊರಡುವ ಮುನ್ನ ಸಸ್ಯಾಹಾರಿ ಮಿತ್ರರಿಗೆ ಔತಣವಿತ್ತು, ಮಾತನಾಡಲು ಎದ್ದವರು ಮೊದಲ ವಾಕ್ಯದಾಚೆ ಹೋಗಲಾರದೆ ಕುಳಿತರು. ಬ್ಯಾರಿಸ್ಟರರಾಗಿ ಮುಂಬಯಿಗೆ ಬಂದ ಮೇಲೆ ಸಣ್ಣ ವ್ಯಾಜ್ಯಗಳ ನ್ಯಾಯಾಲಯದಲ್ಲಿ ಪಾಟೀಸವಾಲಿಗೆ ನಿಂತಾಗ ತಲೆ ತಿರುಗಿತು, ಒಂದು ಪ್ರಶ್ನೆಯೂ ಹೊಳೆಯಲಿಲ್ಲ. 30 ರೂಪಾಯಿಗಳ ಆ ಮೊಕದ್ದಮೆಯನ್ನು ಬೇರೆ ವಕೀಲರಿಗೆ ಒಪ್ಪಿಸಿ ಹೊರನಡೆದರು. ಅವರೇ 1893ರಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯದಲ್ಲಿ ಭಾರತೀಯ ವರ್ತಕರನ್ನು ಕೂಡಿಸಿ, ವ್ಯಾಪಾರದಲ್ಲಿ ಸತ್ಯವನ್ನು ನಡೆಸಬೇಕೆಂದು ಮಾತನಾಡಿದರು. ವ್ಯಾಪಾರದಲ್ಲಿ ಸತ್ಯ ಸಾಗದೆಂದು ನಂಬಿದ್ದವರ ಎದುರಿಗೇ ಅದನ್ನು ಹೇಳಿದರು!

ಈ ಎರಡು ವರ್ಷಗಳಲ್ಲಿ ಅವರು ವಾಗ್ಮಿತೆಯ ಪಾಠವನ್ನೇನೂ ಕಲಿತಿರಲಿಲ್ಲ. ಮುಂಬಯಿಯಲ್ಲಿ ಕಣ್ಣೆದುರಿಗಿದ್ದುದು ತಮ್ಮ ಯೋಗ್ಯತೆಯ ಪರೀಕ್ಷೆ. ಪ್ರಿಟೋರಿಯದಲ್ಲಿ, ತಮ್ಮ ಜನರ ಕಷ್ಟ. ಜನರು ನನ್ನನ್ನು ಏನೆಂದಾರೋ ಎಂದು ನಡುಗುವವನೂ, ಆಹಾ ಎಂದಾರೆಂದು ಉಬ್ಬುವವನೂ ನೋಡುತ್ತಿರುವುದು ಒಂದೇ ಕನ್ನಡಿಯನ್ನು. ಕನ್ನಡಿಯನ್ನು ಬಿಟ್ಟು ಕೇಳುವವರ ಮುಖವನ್ನು ನೋಡಿದರೆ ಭಯಕ್ಕೆ ನಿಲ್ಲಲು ನೆಲೆಯಿಲ್ಲ.

ಹಾಗೆಂದು ಅಂಜಿದವರನ್ನೆಲ್ಲ ಅಹಂಕಾರಿಗಳೆಂದು ಹಳಿಯುವುದು ನ್ಯಾಯವಲ್ಲ. ಆಪತ್ತು ಬಂದಿತೆಂದು ಭಾವಿಸಿದ ದೇಹವು ಎದೆಬಡಿತವನ್ನು ಹೆಚ್ಚಿಸಿ ಸಿದ್ಧವಾಗುವುದು ಪ್ರಕೃತಿಧರ್ಮ. ಅದಕ್ಕೆ ಉಪಾಯಗಳೂ ಇವೆ: ಏಳುವ ಮುನ್ನ ನಿಧಾನವಾಗಿ ಉಸಿರು ಬಿಡುವುದು, ಮನೆಯವರೆದುರು ಒಮ್ಮೆ ಗಟ್ಟಿಯಾಗಿ ಹೇಳಿ ನೋಡುವುದು. ಕಂಠಪಾಠವನ್ನು ಕಲಿಸಿಯೇ ಬಾಳಿದ ಉಪಾಧ್ಯಾಯನಾದ ನಾನು ಹೀಗೆನ್ನುವುದು ವಿಚಿತ್ರವೆನಿಸಬಹುದು. ಆದರೂ ಭಾಷಣವನ್ನು ಪೂರ್ತಿ ಬಾಯಿಪಾಠ ಮಾಡಬಾರದು. ಒಂದು ಪದ ಜಾರಿದರೆ ಸರವೆಲ್ಲ ಹರಿದು ಹೋಗುತ್ತದೆ. ಮೊದಲ ಎರಡು ವಾಕ್ಯಗಳು ಬಾಯಲ್ಲಿರಲಿ, ಉಳಿದುದರ ಅರ್ಥ ಮನಸ್ಸಿನಲ್ಲಿರಲಿ.

ಇಷ್ಟಾದರೂ ಕಂಪವು ಒಮ್ಮೆಗೇ ಅಳಿಯುವುದಿಲ್ಲ. ಪ್ರಿಟೋರಿಯದ ಆ ಸಭೆಯಾಗಿ ಮೂರು ವರ್ಷಗಳ ಬಳಿಕ, 1896ರಲ್ಲಿ, ದಕ್ಷಿಣ ಆಫ್ರಿಕದ ಭಾರತೀಯರ ಸ್ಥಿತಿಯನ್ನು ಮುಂಬಯಿಯ ಸಭೆಯಲ್ಲಿ ಅರಿಕೆಮಾಡಲು ಗಾಂಧಿಯವರು ಬರೆದ ಭಾಷಣವನ್ನು ಹಿಡಿದು ನಿಂತರು. ಪುನಃ ಕೈಕಾಲು ನಡುಗಿ ಧ್ವನಿ ಉಡುಗಿತು. ಅಧ್ಯಕ್ಷ ಫಿರೋಜ್‌ಷಾ ಮೆಹತಾ ಅವರು ಗಟ್ಟಿಯಾಗಿ ಓದಲು ಹುರಿದುಂಬಿಸಿದರೂ ಸಾಗಲಿಲ್ಲ. ಕೊನೆಗೆ ದಿನ್‌ಷಾ ವಾಚ್ಛಾ ಅವರು ಆ ಕಾಗದಗಳನ್ನು ತೆಗೆದುಕೊಂಡು ಓದಿದರು. ಗದ್ದಲದ ಸಭೆ ನಿಶ್ಶಬ್ದವಾಗಿ ಕಡೆಯವರೆಗೂ ಕೇಳಿತು. ಓದಿದ ಧ್ವನಿ ತಮ್ಮದಲ್ಲವೆಂದು ಗಾಂಧಿಯವರು ಕೊರಗಲಿಲ್ಲ, ಅವರಿಗೆ ಸಂತೋಷವಾಯಿತು.