ಬಿಸಿಯಾದಾಗ ತೆರೆಯದ ಬಾಗಿಲು

ವಾಕ್ಯಭಾಗ: ಯಾಕೋಬ 1:19-20; ಮತ್ತಾಯ 5:23-24

  

ಇವತ್ತು ನಮ್ಮ ವ್ಯಾನ್ ಬಗ್ಗೆ ಒಂದು ಸಾಕ್ಷಿ ಉಂಟು. ನಗಬೇಡಿ. ಕಾಪುವಿನಿಂದ ಬರುವವರಿಗೆ, ಮಣಿಪಾಲದ ಹಾಸ್ಟೆಲ್ ಮಕ್ಕಳಿಗೆ ಆ ಹಳೆಯ ಓಮ್ನಿ ಚೆನ್ನಾಗಿ ಗೊತ್ತು. ಅದರ ಇಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ಹಾಗಾಗಿ ಇಂಜಿನ್ ಬಿಸಿಯಾದ್ರೆ ಮೊದಲು ಗೊತ್ತಾಗುವುದು ಡ್ರೈವರಿಗೆ. ಅಂದ್ರೆ ನನಗೆ.

ಕಳೆದ ತಿಂಗಳು ಕಾರ್ಕಳದಲ್ಲಿ ಒಂದು ಮನೆ ಪ್ರಾರ್ಥನೆ ಇತ್ತು. ಕಾಪುವಿನಿಂದ ಉಡುಪಿಯವರೆಗೆ ಹೈವೇ ಸಮತಟ್ಟು, ಏನೂ ತೊಂದರೆ ಆಗಲಿಲ್ಲ. ಇಂದ್ರಾಳಿ ದಾಟಿ ಮಣಿಪಾಲದ ಏರು ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೆ ಹೋಗಲು ಶುರುವಾಯಿತು. ನೋಡಿದೆ, ಆದರೂ ನಿಲ್ಲಿಸಲಿಲ್ಲ. ಲೇಟ್ ಆಗಿತ್ತಲ್ಲ! ಪರ್ಕಳ ಮುಟ್ಟುವಾಗ ಹಬೆ.

ನಾನು ಇಳಿದು, ಕೈಗೆ ಬಟ್ಟೆ ಸುತ್ತಿ, ರೇಡಿಯೇಟರ್ ಕ್ಯಾಪ್ ತಿರುಗಿಸಲು ಹೋದೆ. ಹಿಂದಿನ ಸೀಟಿನಿಂದ ನಮ್ಮ ಒಬ್ಬ ತಮ್ಮ ಓಡಿ ಬಂದು, "ಪಾಸ್ಟರೇ, ಬೇಡ, ಈಗ ತೆಗೀಬೇಡಿ" ಅಂತ ನನ್ನ ಕೈ ಹಿಡಿದ. ನಾನು ಎಲ್ಲರ ಎದುರು, "ನೀನು ನನಗೆ ಕಲಿಸ್ತೀಯಾ? ಹೋಗಿ ಸುಮ್ಮನೆ ಕೂತ್ಕೋ" ಅಂದೆ. ಅವನು ಏನೂ ಹೇಳಲಿಲ್ಲ. ಹೋಗಿ ಕೂತ.

ಅವನು ಹೇಳಿದ್ದೇ ಸರಿ. ಒಳಗಿನ ನೀರು ಒತ್ತಡದಲ್ಲಿ ಇರುತ್ತದೆ, 100 ಡಿಗ್ರಿ ದಾಟಿದರೂ ಕುದಿಯದೆ ನಿಂತಿರುತ್ತದೆ. ಕ್ಯಾಪ್ ತೆಗೆದ ಕ್ಷಣ ಒತ್ತಡ ಬಿಟ್ಟು, ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಆ ಹುಡುಗ ನನ್ನ ಕಣ್ಣು ಉಳಿಸಿದ. ನಾನು ಅವನ ಮರ್ಯಾದೆ ತೆಗೆದೆ.

ತಣ್ಣಗಾದ ಮೇಲೆ ನೀರು ತುಂಬಿಸಿ ನಿಧಾನವಾಗಿ ವಾಪಸ್ ಬಂದೆವು. ಕಾರ್ಕಳದವರಿಗೆ ಫೋನ್ ಮಾಡಿ, "ದಾರಿಯಲ್ಲಿ ಶೋಧನೆ ಬಂತು" ಅಂದೆ. ಪ್ರಿಯರೇ, ಅದು ಶೋಧನೆ ಅಲ್ಲ. ಎರಡು ವರ್ಷದಿಂದ ಕೂಲಂಟ್ ಹಾಕದೆ ಬಾವಿ ನೀರು ಹಾಕಿದವನು ನಾನೇ. ನಮ್ಮ ಸೋಮಾರಿತನಕ್ಕೆಲ್ಲ ಸೈತಾನನ ಹೆಸರು ಇಡಬಾರದು.

ಮುಂದಿನ ಎರಡು ಭಾನುವಾರ ಆ ತಮ್ಮ ಸಭೆಗೆ ಬರಲಿಲ್ಲ. "ಪರೀಕ್ಷೆ ಇರಬೇಕು" ಅಂತ ನಾನೇ ನನಗೆ ಹೇಳಿಕೊಂಡೆ. ಆದರೆ ಪ್ರಾರ್ಥನೆಗೆ ಮೊಣಕಾಲೂರಿದರೆ ಅವನ ಮುಖವೇ ಎದುರಿಗೆ. ಮತ್ತಾಯ ಐದರಲ್ಲಿ ಯೇಸುಸ್ವಾಮಿ ಏನು ಹೇಳ್ತಾರೆ? ಕಾಣಿಕೆ ತಂದವನಿಗೆ ತನ್ನ ಸಹೋದರನ ನೆನಪಾದರೆ ಕಾಣಿಕೆ ಅಲ್ಲೇ ಇರಲಿ, ಮೊದಲು ಹೋಗಿ ಸಮಾಧಾನವಾಗಬೇಕು. ನಾನು ಪ್ರತಿ ವಾರ ಪ್ರಸಂಗ ಎಂಬ ಕಾಣಿಕೆ ಇಡುತ್ತಿದ್ದೆ. ಹೋಗಲಿಲ್ಲ.

ಕೊನೆಗೆ ಒಂದು ಶನಿವಾರ ಅವನಿಗೆ ಫೋನ್ ಮಾಡಿದೆ. "ತಮ್ಮಾ, ಥರ್ಮೋಸ್ಟಾಟ್ ಬದಲಿಸ್ಬೇಕು. ನನಗೆ ಬರುವುದಿಲ್ಲ. ಬಂದು ಕಲಿಸ್ತೀಯಾ?" ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, "ಇಂಜಿನ್ ತಣ್ಣಗಿರಲಿ, ಬರ್ತೇನೆ" ಅಂದ.

ಬಂದ. ಹಳೆಯ ಕೂಲಂಟ್, ನೀರು ಎಲ್ಲ ಒಂದು ಬಾಲ್ದಿಗೆ ಇಳಿಸಿದೆವು. ಅದನ್ನು ಅಂಗಳಕ್ಕೆ ಚೆಲ್ಲಬಾರದಂತೆ. ಸಿಹಿ ಇರುತ್ತದೆ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ. ಹೋಸ್ ಬಿಚ್ಚಿ, ಬೋಲ್ಟ್ ತೆಗೆದರೆ ಒಳಗೆ ಅಂಗೈಯೊಳಗೆ ಹಿಡಿಯುವಷ್ಟು ಚಿಕ್ಕ ವಸ್ತು, ತುಕ್ಕು ಹಿಡಿದಿತ್ತು. ಅದರೊಳಗೆ ಮೇಣ ಇರುತ್ತದೆ. ಬಿಸಿಗೆ ಮೇಣ ಕರಗಿ ಹಿಗ್ಗಿ ಬಾಗಿಲು ತಳ್ಳುತ್ತದೆ, ಬಿಸಿ ನೀರು ರೇಡಿಯೇಟರಿಗೆ ಹೋಗಿ ತಣ್ಣಗಾಗುತ್ತದೆ. ತಣ್ಣಗಾದರೆ ಸ್ಪ್ರಿಂಗ್ ಬಾಗಿಲು ಮುಚ್ಚುತ್ತದೆ. ಇಷ್ಟೇ ಅದರ ಕೆಲಸ.

ಹಳೆಯದನ್ನೂ ಹೊಸದನ್ನೂ ದಾರದಲ್ಲಿ ಕಟ್ಟಿ, ಒಂದು ಪಾತ್ರೆ ನೀರಲ್ಲಿ ಇಳಿಬಿಟ್ಟು ಒಲೆಯ ಮೇಲೆ ಇಟ್ಟೆವು. ಹೆಂಡತಿ ಬಂದು ನೋಡಿ, "ಎಂತ ಬೇಯಿಸ್ತಿದ್ದೀರಿ? ಸಾರಿನ ಪಾತ್ರೆ ಅಲ್ಲ ತಾನೇ?" ಅಂದಳು. ನೀರು ಕುದಿಯುವ ಮೊದಲೇ ಹೊಸದು ಮೆಲ್ಲಗೆ ಬಾಯಿ ತೆರೆಯಿತು. ಹಳೆಯದು, ನೀರು ಕೊತಕೊತ ಕುದಿದರೂ, ಕೂದಲೆಳೆಯಷ್ಟು ಬಿಟ್ಟುಕೊಂಡು ಹಾಗೇ ಕೂತಿತ್ತು.

ಆ ಪಾತ್ರೆಯಲ್ಲಿ ನಾನು ನನ್ನನ್ನೇ ನೋಡಿದೆ. ವಾರವಿಡೀ ಕೆಲಸ, ರಾತ್ರಿ ಪ್ರಾರ್ಥನೆ, ಭಾನುವಾರ ಪ್ರಸಂಗ. ಸುಸ್ತಾಗಿದೆ ಅಂತ ದೇವರಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಪಾಸ್ಟರ್ ಅಲ್ವಾ! ಒಳಗೆ ಕುದಿಯುತ್ತಿತ್ತು, ಬಾಗಿಲು ತೆರೆಯಲಿಲ್ಲ. ಏರು ಬಂದಾಗ ಹಬೆ ಆ ಹುಡುಗನ ಮುಖಕ್ಕೆ ಹೊಡೆಯಿತು.

ಅಲ್ಲೇ ಒಲೆಯ ಹತ್ತಿರ ಅವನಿಗೆ, "ಅವತ್ತು ನಾನು ತಪ್ಪು ಮಾಡಿದೆ ತಮ್ಮಾ, ಕ್ಷಮಿಸು" ಅಂದೆ. ಅವನು ಪಾತ್ರೆಯನ್ನೇ ನೋಡುತ್ತಾ, "ನಾನು ಬೇರೆ ಸಭೆ ಹುಡುಕ್ತಿದ್ದೆ ಪಾಸ್ಟರೇ" ಅಂದ. ಇನ್ನೊಂದು ವಾರ ತಡ ಮಾಡಿದ್ದರೆ ನಾನು ಒಬ್ಬ ತಮ್ಮನನ್ನು ಕಳಕೊಳ್ಳುತ್ತಿದ್ದೆ. ಅವನ ಒಪ್ಪಿಗೆ ಕೇಳಿಯೇ ಇದನ್ನು ನಿಮಗೆ ಹೇಳ್ತಿದ್ದೇನೆ.

ಈಗ ಯುವಜನರೇ, ಕೇಳಿ. "ನಮ್ಮ ಊರು ಬಿಸಿ, ಥರ್ಮೋಸ್ಟಾಟ್ ತೆಗೆದು ಬಿಸಾಡಿ" ಅಂತ ಕೆಲವರು ನನಗೆ ಸಲಹೆ ಕೊಟ್ಟರು. ತಮ್ಮ ಬೇಡ ಅಂದ. ಅದಿಲ್ಲದಿದ್ದರೆ ಬಾಗಿಲು ಯಾವಾಗಲೂ ತೆರೆದೇ ಇರುತ್ತದೆ. ಇಂಜಿನ್ ಬೇಗ ಕಾಯುವುದಿಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಒಳಗೊಳಗೇ ಸವೆಯುತ್ತದೆ. ನಮ್ಮಲ್ಲಿ ಹಾಗಿರುವವರೂ ಇದ್ದಾರೆ. ಬೆಳಿಗ್ಗೆ ಪ್ರಾರ್ಥನೆಯಲ್ಲಿ ದೇವರು ಒಂದು ಮಾತು ಕೊಟ್ಟರೆ ಐದು ನಿಮಿಷದಲ್ಲಿ ಅದು ವಾಟ್ಸಾಪ್ ಸ್ಟೇಟಸ್. ಒಳಗೆ ಕಾಯಲು ಬಿಡುವುದೇ ಇಲ್ಲ. ಶಿಷ್ಯರಿಗೆ ಕರ್ತನು ಕೊಟ್ಟ ಆಜ್ಞೆ, ಯೆರೂಸಲೇಮಿನಲ್ಲಿ ಕಾದಿರಿ ಅಂತ. ಅಪೊಸ್ತಲರ ಕೃತ್ಯ 1:4. ಆಮೇಲೆ ಪಂಚಾಶತ್ತಮ ದಿನ ಬಂತು, ಬಾಗಿಲು ತೆರೆಯಿತು, ಹಲ್ಲೆಲೂಯ!

ಮುಚ್ಚುವುದಕ್ಕೂ ಸಮಯ ಉಂಟು, ತೆರೆಯುವುದಕ್ಕೂ ಉಂಟು. ಯಾಕೋಬನು ಕಿವಿಗೆ ಅವಸರ ಕೊಟ್ಟ, ನಾಲಿಗೆಗೂ ಕೋಪಕ್ಕೂ ನಿಧಾನ ಇಟ್ಟ. ನಾನು ಪರ್ಕಳದಲ್ಲಿ ಅದನ್ನು ತಿರುಗುಮುರುಗು ಮಾಡಿದೆ. ಕೋಪವನ್ನು ಮುಚ್ಚಿಡಿ ಅಂತ ಇದರ ಅರ್ಥ ಅಲ್ಲ. ಕುದಿಯುವ ಮೊದಲೇ ದೇವರ ಹತ್ತಿರ ಬಾಯಿ ಬಿಡಿ, ಒಬ್ಬ ನಂಬಿಗಸ್ತ ಸಹೋದರನ ಹತ್ತಿರ, ಸಹೋದರಿಯ ಹತ್ತಿರ ಬಾಯಿ ಬಿಡಿ. "ನಾನು ಚೆನ್ನಾಗಿದ್ದೇನೆ" ಅಂತ ಹಾಸ್ಟೆಲ್ ರೂಮಿನಲ್ಲಿ ಒಬ್ಬರೇ ಕುದಿಯುತ್ತಿರುವವರೇ, ನಿಮಗೇ ಹೇಳ್ತಿದ್ದೇನೆ.

ಹೊಸ ಥರ್ಮೋಸ್ಟಾಟ್ ಕೂರಿಸಿ, ಕೂಲಂಟ್ ತುಂಬಿಸಿ, ಕ್ಯಾಪ್ ತೆರೆದಿಟ್ಟು ಇಂಜಿನ್ ಓಡಿಸಿ ಗುಳ್ಳೆಗಳನ್ನೆಲ್ಲ ಬಿಟ್ಟೆವು. ಕಳೆದ ವಾರ ಕಾರ್ಕಳಕ್ಕೆ ಹೋಗಿ ಬಂದೆವು. ಮುಳ್ಳು ಅರ್ಧ ದಾಟಲಿಲ್ಲ. ಆ ತಮ್ಮ ಮುಂದಿನ ಸೀಟಿನಲ್ಲಿ ಕೂತಿದ್ದ.

ಮುಂದಿನ ಭಾನುವಾರ ಕರ್ತನ ಮೇಜು ಇದೆ. ಅದಕ್ಕೆ ಮೊದಲು ನೀವು ಮಾಡಬೇಕಾದ ಒಂದು ಫೋನ್ ಕಾಲ್ ಇದ್ದರೆ, ಇವತ್ತೇ ಮಾಡಿ. ಎದ್ದು ನಿಲ್ಲಿ, ಪ್ರಾರ್ಥನೆ ಮಾಡೋಣ.

ಪರಲೋಕದ ತಂದೆಯೇ, ಯಾರ ಮುಖ ಈಗ ನಮಗೆ ನೆನಪಾಗ್ತಿದೆಯೋ ಅವರ ಹತ್ತಿರ ಹೋಗುವ ಧೈರ್ಯ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.