ಯಾವ ನಾಗವರ್ಮ?

'ಕಾವ್ಯಾವಲೋಕನ'ದ ನಾಗವರ್ಮ ಜಗದೇಕಮಲ್ಲನಲ್ಲಿ ಕಟಕೋಪಾಧ್ಯಾಯನಾಗಿ, ಎಂದರೆ ಸೇನಾಬೀಡಿನ ಗುರುವಾಗಿ, ಇದ್ದನೆಂದು ಮುಂದಿನ ಕಾಲದ ಕವಿ ಜನ್ನ ಹೇಳುತ್ತಾನೆ. ನಾಗವರ್ಮನ ಕಾಲ ಗೊತ್ತಾಯಿತು ಎನ್ನುವಷ್ಟರಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ: ಯಾವ ಜಗದೇಕಮಲ್ಲ? ಕಲ್ಯಾಣದ ಚಾಲುಕ್ಯರಲ್ಲಿ ಆ ಬಿರುದಿನವರಾಗಿ ಇಲ್ಲಿ ಲೆಕ್ಕಕ್ಕೆ ಬರುವವರು ಇಬ್ಬರು. 1015ರಿಂದ 1042ರವರೆಗೆ ಆಳಿದ ಜಯಸಿಂಹ ಒಬ್ಬ, 1138ರಲ್ಲಿ ಪಟ್ಟಕ್ಕೆ ಬಂದವನು ಇನ್ನೊಬ್ಬ. ವಿದ್ವಾಂಸ ಆರ್. ನರಸಿಂಹಾಚಾರ್ಯರು ಎರಡನೆಯವನನ್ನು ಹಿಡಿದು ಕವಿಯನ್ನು ಹನ್ನೆರಡನೆಯ ಶತಮಾನದ ನಡುವಿಗೆ ತಂದರು. ಬಹುಕಾಲ ಅದೇ ನಿಂತಿತು. ಆಮೇಲೆ ಈ ನಾಗವರ್ಮನದೇ 'ವರ್ಧಮಾನ ಪುರಾಣ' ಸಿಕ್ಕಿತು. ಅದರ ಕಾಲ 1042. ಕವಿ ಒಂದೇ ಏಟಿಗೆ ನೂರು ವರ್ಷ ಹಿಂದಕ್ಕೆ ಹೋದ.

ಇದು ನಾಗವರ್ಮನ ಹೆಸರಿನ ಮೊದಲ ತೊಡಕೇನಲ್ಲ. 'ಛಂದೋಂಬುಧಿ', 'ಕರ್ಣಾಟಕ ಕಾದಂಬರಿ', 'ಕಾವ್ಯಾವಲೋಕನ', 'ಕರ್ಣಾಟಕ ಭಾಷಾಭೂಷಣ' ಎಲ್ಲವೂ ಒಬ್ಬನವೇ ಎಂದು ಹಿಂದೆ ತಿಳಿದವರಿದ್ದರು. ಈಗ ಮೊದಲೆರಡು ಹತ್ತನೆಯ ಶತಮಾನದ ಕೊನೆಯ ನಾಗವರ್ಮನ ಪಾಲಿಗೆ, ಉಳಿದವು ಎರಡನೆಯವನ ಪಾಲಿಗೆ. ಮೊದಲನೆಯವನನ್ನೂ ಒಡೆದು, ಛಂದಸ್ಸಿನವನು ಬೇರೆ, ಕಾದಂಬರಿಯವನು ಬೇರೆ ಎಂದವರೂ ಇದ್ದಾರೆ. ಇಷ್ಟಾಗಿ 'ಒಂದನೆಯ', 'ಎರಡನೆಯ' ಎಂಬ ಅಂಕಿಗಳು ನಾವು ಅಂಟಿಸಿದವು. ತಾನು ಎರಡನೆಯವನೆಂದು ಯಾವ ನಾಗವರ್ಮನೂ ಸಹಿ ಹಾಕಿದವನಲ್ಲ.

ಇಲ್ಲಿ ಎರಡು ಬಗೆಯ ತಪ್ಪಿಗೆ ಎಡೆಯಿದೆ: ಇಬ್ಬರನ್ನು ಒಬ್ಬನಾಗಿಸುವುದು, ಒಬ್ಬನನ್ನು ಇಬ್ಬರಾಗಿಸುವುದು. ಎರಡೂ ತಪ್ಪೇ, ಸಮವೇ ಎಂದು ಮೇಲ್ನೋಟಕ್ಕೆ ಅನಿಸೀತು. ನನಗೆ ಹಾಗನಿಸುವುದಿಲ್ಲ. ಒಬ್ಬನನ್ನು ಇಬ್ಬರೆಂದುಕೊಂಡರೆ ಹೋಲಿಕೆಗಳು ಕಣ್ಣಿಗೆ ಚುಚ್ಚುತ್ತಲೇ ಇರುತ್ತವೆ. ಇಬ್ಬರ ಗುರು ಒಬ್ಬನೇ, ಊರು ಒಂದೇ, ಮಾತಿನ ಸರಣಿ ಒಂದೇ. ಮುಂದಿನ ಓದುಗ ತಡೆದು ಕೇಳಿಯೇ ಕೇಳುತ್ತಾನೆ. ಇಬ್ಬರನ್ನು ಒಬ್ಬನೆಂದುಕೊಂಡರೆ ತಪ್ಪು ತನ್ನ ಗುರುತನ್ನು ತಾನೇ ಅಳಿಸಿಕೊಳ್ಳುತ್ತದೆ. ಕಾಲ ಕೂಡಿಬರದಿದ್ದರೆ 'ದೀರ್ಘಾಯುಷಿ' ಎನ್ನುತ್ತೇವೆ. ಮತ ಕೂಡಿಬರದಿದ್ದರೆ 'ಆಮೇಲೆ ಮನಸ್ಸು ಬದಲಾಯಿತು' ಎನ್ನುತ್ತೇವೆ. ವಿಷಯಗಳು ಕೂಡಿಬರದಿದ್ದರಂತೂ ಬಹುಮುಖ ಪ್ರತಿಭೆ ಎಂದು ಹೊಗಳಿಬಿಡುತ್ತೇವೆ. ವಿರೋಧದ ಸಾಕ್ಷ್ಯವೆಲ್ಲ ಜೀವನಚರಿತ್ರೆಯಾಗಿ ಕರಗುತ್ತದೆ. ವ್ಯಾಕರಣ ಮಹಾಭಾಷ್ಯದ ಪತಂಜಲಿಯೇ ಯೋಗಸೂತ್ರದವನೂ ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿ ಬೇರೂರಿದ್ದು ಹೀಗೆಯೇ ಇರಬೇಕು: ಮಾತನ್ನೂ ಮನಸ್ಸನ್ನೂ ಒಬ್ಬನೇ ತಿದ್ದಿದ ಎಂಬ ಕಥೆ ಅಷ್ಟು ಚೆನ್ನಾಗಿದೆ! ಆದ್ದರಿಂದ ಸಾಧಿಸುವ ಹೊಣೆ 'ಒಬ್ಬನೇ' ಎನ್ನುವವನ ಮೇಲಿರಬೇಕು. ಹೆಸರು ಕೂಡಿದ್ದಷ್ಟೇ ಸಾಲದು. ತಾತನ ಹೆಸರನ್ನು ಮೊಮ್ಮಗನಿಗಿಡುವ ನಾಡಿನಲ್ಲಿ ಅದು ಏನನ್ನೂ ಸಾಧಿಸುವುದಿಲ್ಲ.

ಹಾಗೆಂದು ಒಡೆಯುವ ಚಪಲಕ್ಕೂ ಮಿತಿ ಬೇಕು. 'ಭಾಷಾಭೂಷಣ' ಸಂಸ್ಕೃತ ಸೂತ್ರಗಳಲ್ಲಿರುವ ಕನ್ನಡ ವ್ಯಾಕರಣ, 'ಕಾವ್ಯಾವಲೋಕನ' ಕನ್ನಡದಲ್ಲೇ ಬರೆದ ಅಲಂಕಾರಶಾಸ್ತ್ರ, 'ವಸ್ತುಕೋಶ' ನಿಘಂಟು, ಜೊತೆಗೆ ಒಂದು ಜೈನಪುರಾಣ. ವೈಯಾಕರಣನಿಗೆ ಪುರಾಣ ಬರೆಯುವ ಮನಸ್ಸೆಲ್ಲಿಂದ ಬಂತು ಎಂದು ಸ್ವಭಾವದ ಮೇಲೆ ಅಳೆಯಹೊರಟರೆ ನಾಲ್ವರು ನಾಗವರ್ಮರಾಗುತ್ತಾರೆ. ಸ್ವಭಾವ ಸಾಕ್ಷಿಯಲ್ಲ, ಅದು ಹೆಚ್ಚಾಗಿ ನಮ್ಮ ಕಾಲದ ವಿಶ್ವವಿದ್ಯಾಲಯಗಳ ವಿಭಾಗಪಟ್ಟಿ. ಆಶ್ರಯದಾತ, ಗುರು, ತಿಥಿ, ಅಂಕಿತ, ಒಂದು ಕೃತಿ ಇನ್ನೊಂದನ್ನು ನೆನೆಯುವ ಮಾತು, ಇವು ಸಾಕ್ಷಿ. ಅವೂ ಮೋಸ ಮಾಡುತ್ತವೆ ಎನ್ನುವುದಕ್ಕೆ ಆ ಇಬ್ಬರು ಜಗದೇಕಮಲ್ಲರೇ ಇದ್ದಾರೆ. ಒಂದು ಹೆಸರನ್ನು ಬಿಡಿಸಲು ಇನ್ನೊಂದು ಹೆಸರನ್ನು ಆಧಾರ ಮಾಡಿಕೊಂಡಾಗ ಆ ಆಧಾರವನ್ನೂ ಅದೇ ಅನುಮಾನದಿಂದ ನೋಡಬೇಕಾಗುತ್ತದೆ.

ನಾಗವರ್ಮನ ವಿಷಯದಲ್ಲಿ ತಣ್ಣಗೆ ನಡೆಯುವ ಈ ವಾದ ದಾಸಿಮಯ್ಯನ ಬಳಿಗೆ ಬಂದಾಗ ಬಿಸಿಯಾಗುತ್ತದೆ. ಅದೇ ಮೊದಲ ಜಗದೇಕಮಲ್ಲ ಜಯಸಿಂಹನ ರಾಣಿ ಸುಗ್ಗಲೆಗೆ ದೀಕ್ಷೆ ಕೊಟ್ಟನೆನ್ನುವ ದೇವರ ದಾಸಿಮಯ್ಯನೂ, ರಾಮನಾಥನ ಅಂಕಿತದಲ್ಲಿ ವಚನ ಹೇಳಿದ ನೇಕಾರ ಜೇಡರ ದಾಸಿಮಯ್ಯನೂ ಒಬ್ಬನೇ? ಅಲ್ಲ ಎಂದು ಕೆಲವು ವಿದ್ವಾಂಸರು ಬರೆದರು. ಅದನ್ನು ಓದಿದ ಎಷ್ಟೋ ಜನರಿಗೆ ಒಂದು ಸಮುದಾಯದ ಹಿರಿಯನನ್ನೇ ಕಿತ್ತುಕೊಂಡಂತಾಯಿತು. ಆ ನೋವನ್ನು ಅಜ್ಞಾನವೆಂದು ತಳ್ಳುವುದು ಸುಲಭ, ಆದರೆ ಸರಿಯಲ್ಲ. ನೆನಪಿನಲ್ಲಿ ಬಾಳುವ ದಾಸಿಮಯ್ಯ ನಿಜಕ್ಕೂ ಒಬ್ಬನೇ. ಮಗ್ಗ, ಬರಿದಾಗದ ತವನಿಧಿಯ ಕಥೆ, ಅರಮನೆ, ವಚನ ಎಲ್ಲವನ್ನೂ ನೂರಾರು ವರ್ಷ ಜನ ಒಟ್ಟಿಗೇ ಪೂಜಿಸಿದ್ದಾರೆ. ಆ ಪೂಜೆಯೂ ಚರಿತ್ರೆಯ ಸಂಗತಿಯೇ, ಅದಕ್ಕೂ ತಿಥಿಗಳಿವೆ, ದಾಖಲೆಗಳಿವೆ. ಆದರೆ ಹನ್ನೊಂದನೆಯ ಶತಮಾನದ ಅರಮನೆಗೆ ಯಾರು ಹೋದರು ಎಂಬ ಪ್ರಶ್ನೆಗೆ ಅದು ಉತ್ತರ ಕೊಡಲಾರದು. ರಾಮನಾಥನ ಅಂಕಿತದ ವಚನ ಓದುವವನು ಮೊದಲು ಅವುಗಳಲ್ಲಿ ಅರಮನೆಯ ಸುಳಿವಿದೆಯೇ ಎಂದು ಹುಡುಕಲಿ. ಇಲ್ಲದಿದ್ದರೆ ಸುಗ್ಗಲೆಯನ್ನು ಪಕ್ಕಕ್ಕಿಟ್ಟು, ಮಗ್ಗದ ಮುಂದೆ ಕೂತವನ ಮಾತನ್ನಷ್ಟೇ ಕೇಳಲಿ.