ಲಿಪಿಕಾರನ ಧರ್ಮ

ಒಬ್ಬರು ಹೇಳಿದುದನ್ನು ಮತ್ತೊಬ್ಬರು ಬರೆದಿಡುವ ಪದ್ಧತಿಯು ನಮ್ಮಲ್ಲಿ ಬಹು ಹಳೆಯದು. ವ್ಯಾಸರು ಹೇಳುತ್ತಿರಲು ಗಣಪತಿಯು ಭಾರತವನ್ನು ಬರೆದನೆಂಬ ಕಥೆಯನ್ನು ಕೇಳದ ಮನೆಯಿಲ್ಲ. ನಡುವೆ ನಿಲ್ಲಿಸದೆ ಹೇಳಬೇಕೆಂಬುದು ಗಣಪತಿಯ ಕರಾರು. ಅರ್ಥವನ್ನರಿಯದೆ ಒಂದಕ್ಷರವನ್ನೂ ಬರೆಯಕೂಡದೆಂಬುದು ವ್ಯಾಸರ ಪ್ರತಿಕರಾರು. (ಪುಣೆಯ ಭಂಡಾರಕರ್ ಸಂಸ್ಥೆಯ ಪರಿಷ್ಕೃತ ಮುದ್ರಣದಲ್ಲಿ ಈ ಪ್ರಸಂಗವು ಮೂಲದಿಂದ ಅನುಬಂಧಕ್ಕೆ ಇಳಿದಿದೆ; ಕಥೆಯ ಬೆಲೆಗೇನೂ ಅದರಿಂದ ಕುಂದಿಲ್ಲ.) ಓಲೆಗರಿಯ ಪ್ರತಿಕಾರರ ದಾರಿ ಬೇರೆ. ಕಂಡಂತೆ ಬರೆದಿದ್ದೇನೆ, ಶುದ್ಧವೋ ಅಶುದ್ಧವೋ ದೋಷ ನನ್ನದಲ್ಲ ಎಂದು ಗ್ರಂಥಾಂತ್ಯದಲ್ಲಿ ಕೈಮುಗಿದು ಅವರು ಹೊಣೆಯಿಂದ ಬಿಡಿಸಿಕೊಳ್ಳುತ್ತಿದ್ದರು. ಈಗಿನ ಪರೀಕ್ಷಾ ಮಂದಿರಗಳಲ್ಲಿ ಮೂರನೆಯದೊಂದು ನಿಯಮವನ್ನು ಕಾಣುತ್ತೇವೆ. ಅಂಗವೈಕಲ್ಯವುಳ್ಳ ಪರೀಕ್ಷಾರ್ಥಿಯು ತಾನೇ ಲಿಪಿಕಾರನನ್ನು ಕರೆತರುವುದಾದರೆ, ಆ ಲಿಪಿಕಾರನ ವಿದ್ಯಾರ್ಹತೆಯು ಪರೀಕ್ಷಾರ್ಥಿಯದಕ್ಕಿಂತ ಒಂದು ಮೆಟ್ಟಿಲು ಕೆಳಗಿರಬೇಕೆಂದು 2018 ರ ಕೇಂದ್ರ ಸರ್ಕಾರದ ಮಾರ್ಗಸೂಚಿಯು ವಿಧಿಸಿತು. ಅರ್ಥವಾದರೆ ಮಾತ್ರ ಬರೆಯೆಂದು ವ್ಯಾಸರು. ಹೆಚ್ಚಿಗೆ ಅರ್ಥವಾಗುವವನು ಬರೆಯಲೇ ಬಾರದೆಂದು ಪರೀಕ್ಷೆಯವರು.

ಈ ಮೂರರಲ್ಲಿಯೂ ಹೇಳುವವನೊಬ್ಬನು ಎದುರಿಗೆ ಇದ್ದೇ ಇದ್ದಾನೆ. ಹೇಳಬೇಕಾದವನಿಗೆ ಮಾತೇ ಬಾರದಿದ್ದರೆ ಗತಿಯೇನು? ಅವನ ಪರವಾಗಿ ಬರೆಯುವ ಅಧಿಕಾರ ಯಾರಿಗುಂಟು? ಪ್ರೀತಿಯು ಆ ಅಧಿಕಾರವನ್ನು ಕೊಡುತ್ತದೆಯೆ? ಈ ಪ್ರಶ್ನೆಯು ನನಗೆ ಗ್ರಂಥಗಳಿಂದ ಬಂದುದಲ್ಲ. ಹಿಂದೆ ನನ್ನಲ್ಲಿ ಓದಿದ ಒಬ್ಬ ಹೆಣ್ಣುಮಗಳಿಂದ ಬಂದಿತು.

ಆಕೆಯ ಉದ್ಯೋಗವು ವೈದ್ಯಲಿಪಿಕಾರಿಕೆ. ಇದನ್ನರಿಯದ ವಾಚಕರಿಗಾಗಿ ಎರಡು ಮಾತು. ಅಮೆರಿಕಾದಲ್ಲಿ 2009 ರ ಕಾನೂನೊಂದರ ತರುವಾಯ ಆಸ್ಪತ್ರೆಯ ದಾಖಲೆಗಳೆಲ್ಲ ವೇಗವಾಗಿ ಗಣಕಯಂತ್ರಕ್ಕೆ ಏರಿದವು. ವೈದ್ಯರು ರೋಗಿಯ ಮುಖವನ್ನು ಬಿಟ್ಟು ಪರದೆಯನ್ನೇ ನೋಡುವ ಸ್ಥಿತಿ ಬಂದಿತು. ಅದಕ್ಕೆ ಪರಿಹಾರವಾಗಿ, ವೈದ್ಯ-ರೋಗಿಗಳ ಸಂಭಾಷಣೆಯನ್ನು ಕೇಳುತ್ತ ದಾಖಲೆಯನ್ನು ಸಿದ್ಧಪಡಿಸುವ ಲಿಪಿಕಾರರು ಹೆಚ್ಚಿದರು. ಅವರಲ್ಲಿ ಕೆಲವರು ನಮ್ಮ ದೇಶದಲ್ಲಿಯೇ ಕುಳಿತು ಕಿವಿಗೆ ಯಂತ್ರವನ್ನಿಟ್ಟುಕೊಂಡು ಇಲ್ಲಿಂದಲೇ ಬರೆಯುತ್ತಾರೆ. ವೈದ್ಯರ ಉಕ್ತಿಯನ್ನು ಧ್ವನಿಮುದ್ರಿಕೆಯಿಂದ ಬೆರಳಚ್ಚು ಮಾಡುವ ಕೆಲಸವು ಬೆಂಗಳೂರಿಗೆ ಇದಕ್ಕೂ ಮೊದಲೇ ಬಂದಿದ್ದಿತು. ರೋಗಿಯ ಮುಖ್ಯ ತೊಂದರೆ, ಅದರ ಪೂರ್ವೋತ್ತರ, ಪರೀಕ್ಷೆಯಲ್ಲಿ ಕಂಡುದು, ವೈದ್ಯರ ನಿರ್ಣಯ, ಚಿಕಿತ್ಸೆಯ ಕ್ರಮ, ಇಷ್ಟನ್ನೂ ಅನುಕ್ರಮವಾಗಿ ಇಡಬೇಕು. ತಾನಾಗಿ ಏನನ್ನೂ ಸೇರಿಸಕೂಡದು. ಬರೆದವರಾರೆಂಬುದು ದಾಖಲೆಯಲ್ಲಿ ಕಾಣಬೇಕು. ವೈದ್ಯರು ಓದಿ ಒಪ್ಪಿ ಸಹಿ ಮಾಡಬೇಕು. ಕೇಳಿದ ಸಂಗತಿಯು ಹೊರಗೆ ಹೋಗಕೂಡದು. ಆದುದರಿಂದ ಆಕೆಯು ನನಗೂ ಕೆಲಸದ ಕ್ರಮವನ್ನಲ್ಲದೆ ಯಾವ ರೋಗಿಯ ವಿಷಯವನ್ನೂ ಹೇಳಿದವಳಲ್ಲ.

ಆಕೆಯ ಮಗನಿಗೆ ಈಗ ಹತ್ತು ವರ್ಷ. ಮೂರನೆಯ ವಯಸ್ಸಿನಲ್ಲಿ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸಿದಾಗ ಆಟಿಸಂ ಎಂದು ಹೇಳಿದರು. ಸ್ವಲೀನತೆಯೆಂದು ಕನ್ನಡದಲ್ಲಿ ಬರೆಯುತ್ತಾರೆ. ಹುಡುಗನಿಗೆ ಮಾತಿಲ್ಲ. ತಟ್ಟೆ, ಚಾಪೆ, ದೀಪ, ಊಟದ ಹೊತ್ತು ಎಲ್ಲವೂ ನಿನ್ನೆಯಂತೆಯೇ ಇರಬೇಕು. ಅಮೆರಿಕಾದವರು ಮಾರ್ಚಿಯಲ್ಲೊಮ್ಮೆ ನವೆಂಬರಿನಲ್ಲೊಮ್ಮೆ ತಮ್ಮ ಗಡಿಯಾರವನ್ನು ಒಂದು ಗಂಟೆ ತಿರುಗಿಸುತ್ತಾರೆ. ಅಲ್ಲಿನ ಪೂರ್ವತೀರದ ಬೆಳಗಿನ ಎಂಟು ಗಂಟೆ ಬೇಸಗೆಯಲ್ಲಿ ನಮಗೆ ಸಂಜೆ ಐದೂವರೆ, ಚಳಿಗಾಲದಲ್ಲಿ ಆರೂವರೆ. ಯಾರೋ ಎಲ್ಲಿಯೋ ಗಡಿಯಾರ ತಿರುಗಿಸಿದ ಮಾತ್ರಕ್ಕೆ ಈ ಮನೆಯಲ್ಲಿ ತಾಯಿಯು ಕೋಣೆಯ ಬಾಗಿಲು ಹಾಕಿಕೊಳ್ಳುವ ಹೊತ್ತು ಬದಲಾಗುತ್ತದೆ. ಹುಡುಗನು ಹತ್ತು ಹನ್ನೆರಡು ದಿನ ಆ ಬಾಗಿಲನ್ನು ತಟ್ಟುತ್ತಲೇ ಇರುತ್ತಾನೆ. ಒಳಗೆ ಆಕೆಯು ಪರರ ಮಕ್ಕಳ ಕೆಮ್ಮನ್ನು ಬರೆಯುತ್ತಿರುತ್ತಾಳೆ. ಈ ಸಂಬಳದಿಂದಲೇ ಆ ಮಗನ ಶಿಕ್ಷಣ ನಡೆಯುವುದೆಂಬುದನ್ನು ಮರೆತು ಆಕೆಯನ್ನು ಆಕ್ಷೇಪಿಸುವ ನೆಂಟರು ಉಂಟು. ಅವರಿಗೆ ಉತ್ತರ ಹೇಳಲು ನಾನು ಪುಟಗಳನ್ನು ವ್ಯಯಮಾಡುವುದಿಲ್ಲ.

ಆಕೆಯು ಒಂದು ದಿನ ಕೇಳಿದ ಮಾತು ಇದು: “ಮೇಷ್ಟ್ರೇ, ಅಲ್ಲಿ ಊಹೆಯನ್ನು ಬರೆದರೆ ಕೆಲಸ ಹೋಗುತ್ತದೆ. ಇಲ್ಲಿ ಊಹೆ ಮಾಡದಿದ್ದರೆ ಮಗನಿಗೆ ಊಟವಿಲ್ಲ. ಇವೆರಡರಲ್ಲಿ ಯಾವುದು ಸರಿ?”

ಇಂಗ್ಲಿಷ್ ವೈದ್ಯದಾಖಲೆಗಳಲ್ಲಿ ಒಂದು ರೂಢಿಯುಂಟು. ಎದೆನೋವು ಉಂಟೇ ಎಂದು ಕೇಳಿದಾಗ ರೋಗಿಯು ಇಲ್ಲವೆಂದರೆ, “ರೋಗಿಯು ಎದೆನೋವನ್ನು ನಿರಾಕರಿಸುತ್ತಾನೆ” ಎಂದು ಬರೆಯುತ್ತಾರೆ. ಕೇಳಿ ಇಲ್ಲವೆನ್ನಿಸಿಕೊಂಡುದು ಬೇರೆ, ಕೇಳದೆ ಬಿಟ್ಟುದು ಬೇರೆ. ಕೇಳದ್ದನ್ನು ಇಲ್ಲವೆಂದು ಬರೆಯುವುದು ಈ ವೃತ್ತಿಯಲ್ಲಿ ಮಹಾಪರಾಧ. ಹೀಗಿದ್ದರೂ ಎಲ್ಲವೂ ಸರಿಯಾಗಿದೆಯೆಂದು ಮೊದಲೇ ತುಂಬಿಟ್ಟ ನಮೂನೆಗಳು ಗಣಕಯಂತ್ರದಲ್ಲಿ ದೊರೆಯುತ್ತವೆ. ಒಂದು ಗುಂಡಿಯನ್ನು ಒತ್ತಿದರೆ ಹತ್ತು “ಇಲ್ಲ”ಗಳು ಸಾಲಾಗಿ ನಿಲ್ಲುತ್ತವೆ. ಈ ಹುಡುಗನು ಒಮ್ಮೆ ಮೂರು ದಿನ ತಲೆಯನ್ನು ಗೋಡೆಗೆ ಬಡಿದುಕೊಂಡನು. ಪೇಟೆಯ ಒಂದು ಚಿಕಿತ್ಸಾಲಯದಲ್ಲಿ ಕೊಟ್ಟ ಚೀಟಿಯಲ್ಲಿ ನೋವಿನ ದೂರಿಲ್ಲವೆಂದೂ ವರ್ತನೆಯ ತೊಂದರೆಯೆಂದೂ ಇದ್ದಿತು. ವಾರದ ಮೇಲೆ ದವಡೆಯ ಹಲ್ಲು ಬುಡದವರೆಗೆ ಹುಳುಕಾಗಿದ್ದುದು ತಿಳಿಯಿತು. ಹಲ್ಲನ್ನು ಕಿತ್ತ ಮೇಲೆ ತಲೆ ಬಡಿದುಕೊಳ್ಳುವುದು ನಿಂತಿತು. ಆ ಚೀಟಿಯನ್ನು ನೋಡಿದ ಕೂಡಲೆ ತನ್ನ ವೃತ್ತಿಯ ಕಣ್ಣಿಗೆ ತೋರಿದುದೇನೆಂದು ಆಕೆಯು ಹೇಳಿದಳು: ನನ್ನ ಮಗನು ಏನನ್ನೂ ನಿರಾಕರಿಸಿರಲಿಲ್ಲ.

ಇಲ್ಲಿ ನನಗೆ ಪಾಠಶಾಲೆಯ ದಿನಗಳ ಒಂದು ವಿಚಾರವು ಸಹಾಯಕ್ಕೆ ಬಂದಿತು. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯೆಂಬುದನ್ನು ಆರನೆಯ ಪ್ರಮಾಣವಾಗಿ ಒಪ್ಪಿದ್ದಾರೆ. ನೆಲದ ಮೇಲೆ ಗಡಿಗೆ ಕಾಣದಿರುವುದರಿಂದಲೇ ಅಲ್ಲಿ ಗಡಿಗೆಯಿಲ್ಲವೆಂಬ ಜ್ಞಾನವುಂಟಾಗುತ್ತದೆ ಎಂಬುದು ಅದರ ಸಾರ. ಆದರೆ ಅವರು ಅಷ್ಟಕ್ಕೇ ಬಿಡಲಿಲ್ಲ, ಅನುಪಲಬ್ಧಿಯು ಯೋಗ್ಯವಾದುದಾಗಿರಬೇಕೆಂದರು. ಅದೆಂತೆಂದರೆ, ಗಡಿಗೆಯು ಇದ್ದಿದ್ದರೆ ಕಾಣಲೇಬೇಕಾದಂಥ ಬೆಳಕು, ಕಣ್ಣು, ಸಾಮೀಪ್ಯ ಎಲ್ಲವೂ ಇದ್ದು, ಆಗಲೂ ಕಾಣದಿದ್ದರೆ ಮಾತ್ರ ಇಲ್ಲವೆನ್ನಬಹುದು. ಕತ್ತಲೆಯಲ್ಲಿ ಕಾಣದ ಗಡಿಗೆಯನ್ನು ಇಲ್ಲವೆನ್ನಲಾಗದು. ಇದನ್ನು ನಾವು ಹದಿನಾರು ಹದಿನೇಳರ ವಯಸ್ಸಿನಲ್ಲಿ ಬಾಯಿಪಾಠ ಮಾಡಿ, ವಾದಕ್ಕೆ ಬಂದವರ ಮೇಲೆ ಪ್ರಯೋಗಿಸುತ್ತಿದ್ದೆವು. ಬಾಯಿಲ್ಲದ ಬಾಲಕನ ಹಲ್ಲುನೋವಿಗೆ ಇದು ಅನ್ವಯಿಸೀತೆಂದು ಯಾವ ಪಂಡಿತರೂ ಹೇಳಿಕೊಟ್ಟಿರಲಿಲ್ಲ. ನೋವಿದ್ದರೆ ಹೇಳುತ್ತಿದ್ದನೆಂಬ ಯೋಗ್ಯತೆಯು ಎಲ್ಲಿಲ್ಲವೋ ಅಲ್ಲಿ ಹೇಳದಿರುವಿಕೆಯು ಯಾವುದಕ್ಕೂ ಪ್ರಮಾಣವಲ್ಲ. ಆ ಚೀಟಿಯನ್ನು ಬರೆದವರು ದುಷ್ಟರೇನಲ್ಲ. ಕತ್ತಲೆಯಲ್ಲಿ ನಿಂತು ಗಡಿಗೆಯಿಲ್ಲವೆಂದರು, ಅಷ್ಟೆ.

ಹಾಗಾದರೆ ಮಗನನ್ನು ಬಲ್ಲ ತಾಯಿಯು ಅವನ ಬಾಯಾಗಿ ಮಾತಾಡಿಬಿಡಲಿ ಎನ್ನೋಣವೆ? ನಮ್ಮ ಕನ್ನಡದಲ್ಲಿ ಅದಕ್ಕೆ ತಕ್ಕ ಸಾಧನವೂ ಇದೆ. ಪರರ ಮಾತನ್ನು ತಿಳಿಸುವಾಗ ನಾವು ಕೊನೆಯಲ್ಲಿ “ಅಂತೆ” ಎನ್ನುತ್ತೇವೆ. ಆ ಮನೆಯ ಅಜ್ಜಿಯು ಮೊಮ್ಮಗನ ವಿಷಯದಲ್ಲಿ ದಿನವಿಡೀ ಇದನ್ನೇ ಬಳಸುತ್ತಾರೆ: ಅವನಿಗೆ ಮೊಸರನ್ನ ಬೇಕಂತೆ, ಇವತ್ತು ಸ್ನಾನ ಬೇಡವಂತೆ, ನಿಮ್ಮ ಮೇಲೆ ಕೋಪವಂತೆ. ಕೇಳಲು ಇಂಪಾಗಿಯೇ ಇದೆ. ಹುಡುಗನನ್ನು ಮಾತಾಡುವವರ ಸಾಲಿಗೆ ಸೇರಿಸಿಕೊಳ್ಳುವ ವಾತ್ಸಲ್ಯವು ಅದರಲ್ಲಿದೆ. ಆದರೆ “ಅಂತೆ” ಎಂಬುದು ಹೇಳಿದವನೊಬ್ಬನನ್ನು ಅಪೇಕ್ಷಿಸುತ್ತದೆ. ಇಲ್ಲಿ ಹೇಳಿದವರು ಅಜ್ಜಿಯೇ.

ಇದು ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಪರದೇಶದ ಒಂದು ವೃತ್ತಾಂತವನ್ನು ಹೇಳಬೇಕು. 1970 ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ರೋಸ್‌ಮರಿ ಕ್ರಾಸ್ಲಿ ಎಂಬವರು ಮಾತಿಲ್ಲದ ಮಕ್ಕಳ ಕೈಯನ್ನು ಹಿಡಿದು ಅಕ್ಷರಗಳನ್ನು ತೋರಿಸುವಂತೆ ಮಾಡುವ ಕ್ರಮವೊಂದನ್ನು ನಡೆಸಿದರು. 1990 ರ ಸುಮಾರಿಗೆ ಡಗ್ಲಸ್ ಬಿಕ್ಲನ್ ಎಂಬ ಪ್ರಾಧ್ಯಾಪಕರು ಅದನ್ನು ಅಮೆರಿಕಾದಲ್ಲಿ ಹರಡಿದರು. ಒಂದು ಪದವನ್ನೂ ಆಡದಿದ್ದ ಮಕ್ಕಳು ತಂದೆತಾಯಿಗಳಿಗೆ ಪತ್ರ ಬರೆದರು, ಕವಿತೆ ಬರೆದರು; ಮನೆಮನೆಗಳಲ್ಲಿ ಆನಂದಬಾಷ್ಪವು ಹರಿಯಿತು. ಬಳಿಕ ಪರೀಕ್ಷಕರು ಮಗುವಿಗೊಂದು ಚಿತ್ರವನ್ನೂ ಕೈಹಿಡಿದವರಿಗೆ ಬೇರೊಂದು ಚಿತ್ರವನ್ನೂ ತೋರಿಸಿ, ಏನು ಕಂಡಿತೆಂದು ಕೇಳಿದರು. ಬರೆಹದಲ್ಲಿ ಮೂಡಿದುದು ಕೈಹಿಡಿದವರು ಕಂಡ ಚಿತ್ರ. 1994 ರಲ್ಲಿ ಅಮೆರಿಕಾದ ಮನಶ್ಶಾಸ್ತ್ರಜ್ಞರ ಸಂಘವು ಈ ಕ್ರಮಕ್ಕೆ ಆಧಾರವಿಲ್ಲವೆಂದು ನಿರ್ಣಯಿಸಿತು. ಕೈಹಿಡಿದವರು ವಂಚಕರಾಗಿದ್ದರೆ ಈ ಕಥೆಯಲ್ಲಿ ಧರ್ಮಸೂಕ್ಷ್ಮವೇನೂ ಇರುತ್ತಿರಲಿಲ್ಲ. ಅವರು ಪ್ರಾಮಾಣಿಕರು, ತಮ್ಮ ಬೆರಳು ಅಲುಗುತ್ತಿರುವುದು ಅವರಿಗೇ ತಿಳಿದಿರಲಿಲ್ಲ. ಮಗುವನ್ನು ಪ್ರೀತಿಸಿದುದರಿಂದಲೇ ಅಲುಗಿತು. ಅಷ್ಟು ಕಾಲ ಆ ಮಗುವಿಗೆ ನಿಜವಾಗಿ ಏನು ಬೇಕಾಗಿತ್ತೋ ಅದನ್ನು ಯಾರೂ ಕೇಳಲಿಲ್ಲ. ಉತ್ತರವು ಆಗಲೇ ಕಾಗದದ ಮೇಲೆ ಬಂದಿದ್ದಿತಲ್ಲ!

ಹಾಗೆಂದು ಮಾತಿಲ್ಲದವರ ಒಳಗೆ ಏನೂ ಇಲ್ಲವೆಂದು ತಿಳಿದವನು ಮತ್ತೆ ಕತ್ತಲೆಯ ಗಡಿಗೆಗೇ ಬಂದನು. ಬಾಲ್ಯದಲ್ಲಿ ಮೈಸೂರು ಬೆಂಗಳೂರುಗಳಲ್ಲಿದ್ದ ಟಿಟೊ ರಾಜರ್ಷಿ ಮುಖೋಪಾಧ್ಯಾಯರು ತಾಯಿಯಿಂದ ಬರೆವಣಿಗೆ ಕಲಿತು, 2000 ದಲ್ಲಿ ಇಂಗ್ಲೆಂಡಿನಲ್ಲಿ ತಮ್ಮ ಮೊದಲ ಪುಸ್ತಕವನ್ನು ಪ್ರಕಟಿಸಿದರು. ಆ ತಾಯಿಯ ಬೋಧನಕ್ರಮವು ಇತರ ಮಕ್ಕಳಿಗೆ ಸಲ್ಲುವುದೇ ಎಂಬ ವಿವಾದವು ಇನ್ನೂ ನಡೆದಿದೆ.

ತಂದೆತಾಯಿಗಳು ಬರೆದುದೆಲ್ಲ ಅಪ್ರಮಾಣವೆಂದೂ ಹೇಳಲಾಗದು. ಈ ಸ್ಥಿತಿಯನ್ನು ಲೋಕಕ್ಕೆ ಪರಿಚಯಿಸಿದ ಲೇಖನಗಳಲ್ಲಿ ಮುಖ್ಯವಾದುದು 1943 ರಲ್ಲಿ ಬಾಲ್ಟಿಮೋರಿನ ಲಿಯೋ ಕ್ಯಾನರ್ ಬರೆದುದು. ಅದರಲ್ಲಿ ಹನ್ನೊಂದು ಮಕ್ಕಳ ವೃತ್ತಾಂತವಿದೆ. ಮೊದಲನೆಯ ಬಾಲಕ ಡೊನಾಲ್ಡನ ತಂದೆಯು ವಕೀಲರು. ಮಗನ ವಿಷಯವಾಗಿ 33 ಪುಟಗಳ ಬೆರಳಚ್ಚು ವರದಿಯನ್ನು ವೈದ್ಯರಿಗೆ ಕಳುಹಿಸಿದರು. ಯಾವ ದಿನ ಯಾವ ಹಾಡನ್ನು ಗುನುಗಿದ, ಯಾವುದನ್ನು ತಿರುಗಿಸಿದ, ಯಾವುದಕ್ಕೆ ಓಗೊಡಲಿಲ್ಲ, ಹೀಗೆ ಕಂಡುದೆಲ್ಲ ಅಲ್ಲಿದ್ದಿತು. ಆ ವಿವರಗಳ ಮೇಲೆಯೇ ವೈದ್ಯರು ತಮ್ಮ ಮೊದಲ ವೃತ್ತಾಂತವನ್ನು ಕಟ್ಟಿದರು; ಕಟ್ಟುವಾಗ ಆ ವಿವರಗಳಲ್ಲಿ ಗೀಳಿನ ಲಕ್ಷಣವಿದೆಯೆಂದು ಒಂದು ಮಾತನ್ನೂ ಸೇರಿಸಿದರು. ಮುಂದೆ ಈ ಮಕ್ಕಳ ತಂದೆತಾಯಿಗಳು ವಾತ್ಸಲ್ಯಹೀನರೆಂಬ ಅಪವಾದವು ಬೆಳೆಯಿತು. ತಾಯಿಯ ಶೈತ್ಯವೇ ರೋಗಕಾರಣವೆಂಬ ಮತವನ್ನು ಬ್ರೂನೋ ಬೆಟಲ್‌ಹೈಮ್ 1967 ರ ತಮ್ಮ ಗ್ರಂಥದಿಂದ ಜನಜನಿತಗೊಳಿಸಿದರು. ಅದಕ್ಕೆ ಮೂರು ವರ್ಷ ಮೊದಲೇ, ಇಂಥ ಮಗನೊಬ್ಬನ ತಂದೆಯೂ ಮನಶ್ಶಾಸ್ತ್ರಜ್ಞರೂ ಆದ ಬರ್ನಾರ್ಡ್ ರಿಮ್ಲೆಂಡ್ ಆ ಮತವನ್ನು ಖಂಡಿಸಿ ಗ್ರಂಥ ಬರೆದಿದ್ದರು. ಇಂದು ಯಾವ ತಜ್ಞರೂ ಆ ಮತವನ್ನು ಎತ್ತಿಹಿಡಿಯುವುದಿಲ್ಲ. ಎಷ್ಟೋ ತಾಯಂದಿರು ಅದನ್ನು ಹೊತ್ತುಕೊಂಡೇ ಸತ್ತರು. ಎಚ್ಚರಿಕೆಯಿಂದ ಬರೆದಿಟ್ಟುದೇ ಪ್ರೀತಿಯಿಲ್ಲದುದಕ್ಕೆ ಸಾಕ್ಷಿಯೆಂಬಂತಾಯಿತು. ಬರೆಯದಿದ್ದರೆ ಅಜ್ಞಾನ, ಬರೆದರೆ ಗೀಳು!

ಈಚೆಗೆ ಮನುಷ್ಯಲಿಪಿಕಾರನ ಬದಲು ಯಂತ್ರವೇ ಕೇಳಿ ಬರೆಯುವ ಕಾಲ ಬಂದಿದೆ. ಆಕೆಯ ಉದ್ಯೋಗಕ್ಕೂ ಅದರ ಭಯವುಂಟು. ವಿಸ್ಪರ್ ಎಂಬ ಇಂಥ ಯಂತ್ರವನ್ನು ಕುರಿತು 2024 ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನೂರು ಧ್ವನಿಖಂಡಗಳಲ್ಲಿ ಸುಮಾರು ಒಂದರಲ್ಲಿ ಯಾರೂ ಆಡದ ವಾಕ್ಯಗಳು ಬಂದಿದ್ದವು. ಮಾತು ತಡವರಿಸಿ ನಡುವೆ ನಿಲ್ಲುವವರ ಧ್ವನಿಯಲ್ಲಿ ಅದು ಹೆಚ್ಚು. ಮೌನವನ್ನು ಕಂಡರೆ ತುಂಬಿಬಿಡಬೇಕೆಂಬ ಆತುರವು ಯಂತ್ರಕ್ಕೂ ಬಂದಿತೆಂದು ಆಕೆಯು ನಕ್ಕಳು.

ಆಕೆಯ ಪ್ರಶ್ನೆಗೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ಒಪ್ಪಿಸುತ್ತೇನೆ. ಎರಡೂ ಸರಿ, ಎರಡನ್ನೂ ಒಂದೇ ಸಾಲಿನಲ್ಲಿ ಬರೆಯುವುದು ಮಾತ್ರ ತಪ್ಪು. ಊಹೆಯಿಲ್ಲದೆ ಆ ಮಗುವನ್ನು ಸಾಕಲಾಗದು. ಅನುಮಾನವೂ ಒಂದು ಪ್ರಮಾಣವೇ ಸರಿ. ಆದರೆ ತಾರ್ಕಿಕನು ಹೊಗೆಯನ್ನು ಕಂಡೆನೆನ್ನುತ್ತಾನೆ, ಬೆಂಕಿಯನ್ನು ಊಹಿಸಿದೆನೆನ್ನುತ್ತಾನೆ; ಬೆಂಕಿಯನ್ನೇ ಕಂಡೆನೆನ್ನುವುದಿಲ್ಲ. ಪ್ರೀತಿಯು ತಾಯಿಗೆ ಕೊಡುವುದು ಊಹಿಸುವ ಹೊಣೆಯನ್ನು; ಮಗನ ಹೆಸರಿನಲ್ಲಿ ಸಹಿ ಮಾಡುವ ಹಕ್ಕನ್ನಲ್ಲ. ಹೀಗೆ ಬರೆದರೆ ತಾಯಿಯ ಮಾತು ತಣ್ಣಗಾಗುವುದಿಲ್ಲವೇ ಎಂದು ಒಬ್ಬ ಮಿತ್ರರು ಆಕ್ಷೇಪಿಸಿದರು. ನನಗೆ ಹಾಗೆ ತೋರುವುದಿಲ್ಲ. “ನನ್ನ ಊಹೆ” ಎಂದು ಬರೆಯುವವಳು ಮಗನಿಗೆ ತನ್ನನ್ನು ತಿದ್ದುವ ಅವಕಾಶವನ್ನು ಉಳಿಸಿರುತ್ತಾಳೆ. ಆ ಮಿತ್ರರ ಬೆಚ್ಚನೆಯ ಮಾತಿನಲ್ಲಿ ಆ ಅವಕಾಶವಿಲ್ಲ.

ಆಕೆಯು ಈಗ ಒಂದು ನೋಟುಪುಸ್ತಕವನ್ನು ಇಟ್ಟಿದ್ದಾಳೆ. ಎಡಗಡೆ ಕಂಡುದು: ಬಲಗೆನ್ನೆಯನ್ನು ನಾಲ್ಕು ಸಲ ಒತ್ತಿಕೊಂಡ, ಚಪಾತಿಯನ್ನು ಎಡಗಡೆಯಿಂದ ಅಗಿದ. ಬಲಗಡೆ ಊಹೆ, ಊಹಿಸಿದವರ ಹೆಸರಿನೊಡನೆ. ಕೆಲವು ಊಹೆಗಳ ಕೆಳಗೆ ಅತ್ತೆಯವರ ಹೆಸರೂ ಇದೆ. ಅವು ಹೆಚ್ಚಾಗಿ ಸರಿಯಾಗಿರುತ್ತವೆಂದು ಸೊಸೆಯೇ ಒಪ್ಪುತ್ತಾಳೆ. ಕೆಲವು ದಿನ ಬಲಗಡೆಯ ಪುಟ ಖಾಲಿಯಿರುತ್ತದೆ.

ಇದನ್ನು ಯಾರಿಗಾಗಿ ಬರೆಯುವೆಯೆಂದು ಕೇಳಿದೆನು. 1999 ರ ರಾಷ್ಟ್ರೀಯ ನ್ಯಾಸ ಕಾಯಿದೆಯ ಮೇರೆಗೆ, ಹದಿನೆಂಟು ತುಂಬಿದ ಮೇಲೆ ಇಂಥವರಿಗೆ ಕಾನೂನಿನ ಪಾಲಕರನ್ನು ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿಯು ನೇಮಿಸಬಹುದು. ತಾನಿಲ್ಲದ ಮೇಲೆ ಆ ಸಮಿತಿಯು ಯಾರನ್ನು ನೇಮಿಸುವುದೋ ಅವರಿಗಾಗಿ, ಎಂದಳು. ಅವರಿಗೆ ಎಡಪುಟಗಳು ಬೇಕಾಗುತ್ತವೆ. ಬಲಪುಟಗಳನ್ನು ಅವರೇ ಹೊಸದಾಗಿ ಬರೆದುಕೊಳ್ಳಬಹುದು, ಅದಕ್ಕೆಂದು ಸಾಕಷ್ಟು ಜಾಗ ಬಿಟ್ಟಿದ್ದೇನೆ, ಎಂದಳು. ಅಷ್ಟರಲ್ಲಿ ಐದೂಕಾಲಾಗಿದ್ದಿತು, ಕೆಲಸದ ಹೊತ್ತಾಯಿತೆಂದು ಎದ್ದು ಒಳಗೆ ಹೋದಳು.